ರಿಪೋರ್ಟ್ ಎಲ್ಲಾ ನಾರ್ಮಲ್ ಅಂತೆ, ಬಾಟಲಿ ಮುಚ್ಚಳ ಮಾತ್ರ ತೆಗೆಯೋಕಾಗಲ್ಲ

ಬೆರಳು_ಬಿಗಿ:
ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ಮೈ ಮೇಲೇ ತಿರುಗಿ ಬೀಳೋ ಕಾಯಿಲೆ) ಅಂತ ಗೊತ್ತಾಗಿ ಆರು ವರ್ಷ ಆಯ್ತು. ನನಗೀಗ 34. ಹೈಡ್ರಾಕ್ಸಿಕ್ಲೋರೋಕ್ವಿನ್, ಅಜಥಯೋಪ್ರಿನ್, ಜೊತೆಗೆ 5 ಮಿ.ಗ್ರಾಂ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ನಡೀತಿದೆ. ಮೊನ್ನೆ ಡಾಕ್ಟರ್ ಹತ್ರ ಹೋಗಿದ್ದೆ. ಲೂಪಸ್ ಎಷ್ಟು ಉರೀತಿದೆ ಅಂತ ತೋರಿಸೋ ರಕ್ತಪರೀಕ್ಷೆಗಳಲ್ಲಿ ಸಿ3, ಸಿ4 ಸರಿಯಿದೆ, ಆಂಟಿ ಡಿಎಸ್‌ಡಿಎನ್‌ಎ ಇಳಿದಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿಲ್ಲ. "ಬಹಳ ಚೆನ್ನಾಗಿದೆ, ಹೀಗೇ ಇರಲಿ" ಅಂದರು. ನಾಲ್ಕೇ ನಿಮಿಷ, ಹೊರಗೆ ಬಂದೆ. ಬೆಂಚಿನ ಮೇಲೆ ಕೂತು ನೀರು ಕುಡಿಯೋಣ ಅಂತ ಬಾಟಲಿ ತೆಗೆದರೆ ಮುಚ್ಚಳ ತಿರುಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಏಳೆಂಟು ವರ್ಷದ ಹುಡುಗನ ಕೈಗೆ ಕೊಟ್ಟೆ. ತೆಗೆದುಕೊಟ್ಟ. "ಆಂಟಿ, ಇದು ಲೂಸೇ ಇತ್ತು" ಅಂದ.

ಅವತ್ತಿಂದ ಈ ಮಾತು ತಲೆಯಲ್ಲಿ ಕೊರೀತಿದೆ. ರಿಪೋರ್ಟ್ ಚೆನ್ನಾಗಿದೆ ಸರಿ, ನಾನು ಯಾಕೆ ಚೆನ್ನಾಗಿಲ್ಲ?

ನನ್ನ ದಿನ ಹೇಗಿರತ್ತೆ ಅಂತ ಬರೀತೀನಿ, ನಿಮಗೂ ಹೀಗೇನಾ ಹೇಳಿ. ಅಲಾರಂ 5.30ಕ್ಕೆ ಇಡೋದು, ಏಳೋಕಲ್ಲ, ಬೆರಳು ಬಿಡಿಸಿಕೊಳ್ಳೋಕೆ. ಮುಷ್ಟಿ ಕಟ್ಟೋಕೆ ಬರಲ್ಲ, ಕಟ್ಟಿದರೆ ಬಿಚ್ಚೋಕೆ ಬರಲ್ಲ. ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಇಟ್ಟುಕೊಂಡು ಸುಮಾರು 40 ನಿಮಿಷ. ಬ್ರಷ್ ಹಿಡಿಗೆ ಹಳೇ ಸ್ಪಂಜು ಸುತ್ತಿ ದಪ್ಪ ಮಾಡಿಕೊಂಡಿದೀನಿ. ಕೂದಲು ಕತ್ತರಿಸಿಬಿಟ್ಟೆ. ಉದುರ್ತಿತ್ತು ಅಂತ ಎಲ್ಲರೂ ತಿಳ್ಕೊಂಡರು, ಹಾಗಲ್ಲ, ಜಡೆ ಹಾಕೋವಷ್ಟು ಹೊತ್ತು ಕೈ ಮೇಲೆ ನಿಲ್ಲಲ್ಲ.

ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಮಧ್ಯಾಹ್ನ ಎರಡರವರೆಗೆ ನಾನು ಎಲ್ಲರ ಹಾಗೇ. ಎರಡಾದ ಮೇಲೆ ಪದಗಳು ಹೋಗ್ತವೆ. ಮೊನ್ನೆ ಸ್ಟೇಪ್ಲರ್ ಅನ್ನೋ ಪದ ಬರದೆ "ಆ ಕಚ್ಚೋದು ಕೊಡಿ" ಅಂದೆ. ನಕ್ಕರು, ನಾನೂ ನಕ್ಕೆ. ಆದರೆ ಅದೇ ಹೊತ್ತಲ್ಲಿ ಒಂದು ಕಾಲಂ ಮೂರು ಸಲ ಕೂಡಿದರೆ ಮೂರು ಬೇರೆ ಬೇರೆ ಮೊತ್ತ ಬರತ್ತಲ್ಲ, ಅದಕ್ಕೆ ನಗು ಬರಲ್ಲ.

ಎಲ್ಲಕ್ಕಿಂತ ಹಿಂಸೆ ಅಂದರೆ, ಇವತ್ತು ಮಾಡಿದ ಕೆಲಸದ ಬಿಲ್ಲು ಇವತ್ತೇ ಬರಲ್ಲ. ಶನಿವಾರ ಮದುವೆಮನೆಯಲ್ಲಿ ನಿಂತಿರ್ತೀನಿ, ಏನೂ ಆಗಲ್ಲ. ಭಾನುವಾರವೂ ಆಗಲ್ಲ. ಸೋಮವಾರ ಮಂಚದಿಂದ ಏಳೋಕಾಗಲ್ಲ. "ಶನಿವಾರ ಚೆನ್ನಾಗೇ ಇದ್ದೆಯಲ್ಲ" ಅಂತಾರೆ. ಹೌದು, ಇದ್ದೆ.

ಛತ್ರಿ_ಟೀಚರ್:
ಅಕ್ಕ, ನೀವು ಬರೆದಿದ್ದು ಓದ್ತಾ ಓದ್ತಾ ನನ್ನದೇ ಡೈರಿ ಯಾರು ಕದ್ದರು ಅನ್ನಿಸಿತು. ಆ ಎರಡು ದಿನ ತಡವಾಗಿ ಬರೋ ಸುಸ್ತು ಇದೆಯಲ್ಲ, ಅದನ್ನ ನಮ್ಮನೆಯಲ್ಲಿ ಹನ್ನೊಂದು ವರ್ಷದಿಂದ ವಿವರಿಸ್ತಾ ಇದೀನಿ. 2003ರಲ್ಲಿ ಲೂಪಸ್ ಇದ್ದ ಅಮೆರಿಕದ ಒಬ್ಬ ಯುವತಿ ಚಮಚದ ಲೆಕ್ಕ ಅಂತ ಬರೆದಿದ್ದಳಲ್ಲ, ದಿನಕ್ಕೆ ಇಷ್ಟೇ ಚಮಚ ಶಕ್ತಿ, ಒಂದೊಂದು ಕೆಲಸಕ್ಕೆ ಒಂದೊಂದು ಖರ್ಚು ಅಂತ. ಎಲ್ಲರೂ ಅದನ್ನೇ ಕಳಿಸ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಆಗಿಲ್ಲ. ಬೆಳಗ್ಗೆ ಕೈಯಲ್ಲಿ ಎಷ್ಟು ಚಮಚ ಇದೆ ಅಂತ ಎಣಿಸೋಕೆ ಗೊತ್ತಾದರೆ ತಾನೇ ಲೆಕ್ಕ?

ನನ್ನದು ಚರ್ಮದ ತೊಂದರೆ ಜಾಸ್ತಿ. ಕೆನ್ನೆ ಮೇಲೆ ಚಿಟ್ಟೆಯ ರೆಕ್ಕೆ, ಮೂಗಿನ ಪಕ್ಕದ ಗೆರೆ ಮಾತ್ರ ಬಿಟ್ಟು. ಬಿಸಿಲಿಗೆ ಹೋಗಬಾರದು ಅಂತ ಗೊತ್ತಿತ್ತು, ಛತ್ರಿ, ತೋಳು ತುಂಬ ಬಟ್ಟೆ, ಸನ್‌ಸ್ಕ್ರೀನ್ ಎಲ್ಲಾ ಇತ್ತು. ಆದರೂ ಎಡಗೆನ್ನೆ ಮಾತ್ರ ಉರೀತಿತ್ತು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು, ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯ ಎಡಕ್ಕೆ ಕಿಟಕಿ. ಗಾಜು ಮುಚ್ಚಿದ್ದರೂ ಬಿಸಿಲಿನ ಯುವಿಎ ಅನ್ನೋ ನೇರಳಾತೀತ ಕಿರಣ ಒಳಗೆ ಬರತ್ತೆ. ಅದೂ ಬಿಸಿಲು ಬಿದ್ದ ದಿನವೇ ದದ್ದು ಏಳಲ್ಲ, ಎಷ್ಟೋ ಸಲ ವಾರ ಕಳೆದ ಮೇಲೆ ಏಳತ್ತೆ. ಅದಕ್ಕೇ ಯಾವುದರಿಂದ ಆಯ್ತು ಅಂತ ಪತ್ತೆ ಹಚ್ಚೋದು ಕಷ್ಟ. ಕುರ್ಚಿ ಬದಲಾಯಿಸಿದೆ.

ಸನ್‌ಸ್ಕ್ರೀನ್ ಬೆಳಗ್ಗೆ ಒಂದು ಸಲ ಹಚ್ಚಿದರೆ ಸಂಜೆವರೆಗೆ ಸಾಕು ಅಂದುಕೊಂಡೋರಿಗೆ: ಎರಡು ಗಂಟೆಗೊಮ್ಮೆ. ಕಿವಿ, ಕುತ್ತಿಗೆ ಹಿಂದೆ, ಅಂಗೈ ಹಿಂಭಾಗ ಎಲ್ಲರೂ ಮರೀತೀವಿ.

ಕಿಡ್ನಿ_ಕಥೆ:
ಮೇಡಂ, ನಾನು ನಿಮಗೆ ಪೂರ್ತಿ ಉಲ್ಟಾ. ಬೇಜಾರು ಮಾಡ್ಕೋಬೇಡಿ.

ನಾನು ಗಂಡಸು, ಲೂಪಸ್ ಇರೋ ಹತ್ತು ಜನರಲ್ಲಿ ಒಂಬತ್ತು ಜನ ಹೆಂಗಸರು ಅಂತಾರೆ, ಆ ಉಳಿದ ಒಬ್ಬ ನಾನು. ಅದಕ್ಕೇ ಇರಬೇಕು, ಮೊದಲ ಒಂದು ವರ್ಷ ಯಾರಿಗೂ ಲೂಪಸ್ ನೆನಪಾಗಲಿಲ್ಲ. ಮಾತ್ರೆ ಶುರುವಾದ ಮೇಲೆ ಗಂಟು ನೋವು ಹೋಯ್ತು. ನಾನು ಆರಾಮ. ದಿನಾ ಜಿಮ್ಮು. ತಪಾಸಣೆಗೆ ಹೋಗೋದು ಬಿಟ್ಟೆ. ಮೂತ್ರದಲ್ಲಿ ನೊರೆ ಬರ್ತಿತ್ತು, ನೀರು ಕಡಿಮೆ ಕುಡಿದಿರಬೇಕು ಅಂದುಕೊಂಡೆ. ಸಂಜೆ ಸಾಕ್ಸ್ ತೆಗೆದರೆ ಎಲಾಸ್ಟಿಕ್ಕಿನ ಅಚ್ಚು ಕಾಲಿನಲ್ಲಿ ಬೆರಳು ಮುಳುಗೋಷ್ಟು ಆಳ. ಅದಕ್ಕೂ ಸಾಕ್ಸ್ ಟೈಟು ಅಂತ ಹೊಸದು ತಂದೆ. ನಗಬೇಡಿ.

ಬಯಾಪ್ಸಿಯಲ್ಲಿ ನಾಲ್ಕನೇ ದರ್ಜೆಯ ಲೂಪಸ್ ನೆಫ್ರೈಟಿಸ್, ಅಂದರೆ ಲೂಪಸ್‌ನಿಂದ ಕಿಡ್ನಿಗೆ ಆಗೋ ಉರಿಯೂತ, ಅಂತ ಬಂತು. ಎರಡು ವಾರಕ್ಕೊಮ್ಮೆ ಡ್ರಿಪ್, ಆರು ಸಲ. ಆಮೇಲೆ ಮೈಕೋಫಿನೋಲೇಟ್ ಮಾತ್ರೆ. ಕಿಡ್ನಿ ಉಳೀತು. ನೋವು ಒಂದು ಚೂರೂ ಇರಲಿಲ್ಲ ನೋಡಿ.

ಆದ್ದರಿಂದ ರಿಪೋರ್ಟ್ ಚೆನ್ನಾಗಿದೆ ಅಂದರೆ ದಯವಿಟ್ಟು ಅದನ್ನ ಸಣ್ಣದು ಅಂದುಕೋಬೇಡಿ. ನನ್ನ ಮೈ ನನಗೆ ಸುಳ್ಳು ಹೇಳಿತ್ತು, ನಿಜ ಹೇಳಿದ್ದು ಕಾಗದ.

ಬೆರಳು_ಬಿಗಿ:
ಸರ್, ಬೇಜಾರೇನಿಲ್ಲ. ರಿಪೋರ್ಟ್ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಡ್ತಿದೆ. ನನ್ನ ಪ್ರಶ್ನೆ ಬೇರೆ ಇದೆ, ಅದನ್ನ ಯಾರೂ ಕೇಳ್ತಿಲ್ಲ. "ಕಿಡ್ನಿ ಚೆನ್ನಾಗಿದೆಯಲ್ಲ, ಇನ್ನೇನು" ಅಂತ ನೀವು ಹೇಳ್ತಿಲ್ಲ ಅಂದುಕೊಳ್ತೀನಿ.

ಕಿಡ್ನಿ_ಕಥೆ:
ಅಯ್ಯೋ ಇಲ್ಲ ಮೇಡಂ. ನೊಂದುಕೊಂಡಿದ್ದರೆ ಕ್ಷಮಿಸಿ.

ಫಿಸಿಯೋ_ಮೇಜು:
ನಾನು ಫಿಸಿಯೋಥೆರಪಿಸ್ಟ್, ರುಮಟಾಲಜಿ (ಗಂಟುಗಳ ಕಾಯಿಲೆ, ಲೂಪಸ್‌ನಂಥವು) ವಿಭಾಗದ ರೋಗಿಗಳೇ ಹೆಚ್ಚು ಬರ್ತಾರೆ. ಇಬ್ಬರೂ ಸರಿ ಹೇಳ್ತಿದೀರಿ. ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಲೂಪಸ್ ಎಷ್ಟು ಉರೀತಿದೆ ಅಂತ ಅಳೆಯೋಕೆ ಡಾಕ್ಟರುಗಳು ಬಳಸೋ ಒಂದು ಪಟ್ಟಿ ಇದೆ, ಸ್ಲೀಡೈ ಅಂತಾರೆ. ಒಟ್ಟು 24 ಅಂಶ. ಫಿಟ್ಸ್, ಮೂತ್ರದ ಪ್ರೋಟೀನ್, ದದ್ದು, ಬಾಯಿಹುಣ್ಣು, ಜ್ವರ, ಪ್ಲೇಟ್‌ಲೆಟ್ ಹೀಗೆ. ಅದರಲ್ಲಿ ಸುಸ್ತು ಇಲ್ಲ. ಮರೆತು ಬಿಟ್ಟದ್ದಲ್ಲ. ಅಂಗಾಂಗಕ್ಕೆ ಏಟು ಬೀಳ್ತಿದೆಯಾ ಅಂತ ನೋಡೋದೇ ಅದರ ಕೆಲಸ. ಗಂಟಿನ ಅಂಶ ಇದೆ, ಆದರೆ ನೋವೊಂದೇ ಸಾಲದು, ಊತದಂಥ ಉರಿಯೂತದ ಗುರುತು ಕಾಣಬೇಕು. ಅಂದರೆ ಬೆಳಗ್ಗೆ 40 ನಿಮಿಷ ಬಕೆಟ್ಟಿನಲ್ಲಿ ಕೈ ಇಟ್ಟು ಬೆರಳು ಸಡಿಲ ಮಾಡಿಕೊಂಡು, ಹನ್ನೊಂದು ಗಂಟೆಗೆ ಡಾಕ್ಟರ ಮುಂದೆ ಕೂತರೆ ನಿಮ್ಮ ಅಂಕ ಸೊನ್ನೆ. ಮುಚ್ಚಳ ತೆಗೆಯೋಕೆ ಆಗತ್ತೋ ಇಲ್ಲವೋ, ಆ ಪಟ್ಟಿಗೆ ಗೊತ್ತಾಗಲ್ಲ.

ಅದಕ್ಕೆ ಅಂತಲೇ ಬೇರೆ ಪ್ರಶ್ನಾವಳಿಗಳಿವೆ. ಲೂಪಸ್‌ಕ್ಯೂಓಎಲ್ ಅನ್ನೋದರಲ್ಲಿ 34 ಪ್ರಶ್ನೆ, ಎಂಟು ಭಾಗ. ಹಿಂದಿನ ನಾಲ್ಕು ವಾರ ಹೇಗಿತ್ತು ಅಂತ ಕೇಳತ್ತೆ. ಮೈಶಕ್ತಿ, ನೋವು, ಸುಸ್ತು, ಮನಸ್ಸು, ದಾಂಪತ್ಯ, ಸ್ವಂತ ರೂಪದ ಬಗ್ಗೆ, ಇನ್ನೊಬ್ಬರಿಗೆ ಹೊರೆ ಆಗ್ತಿದೀನಿ ಅನ್ನೋ ಭಾವನೆ, ಮತ್ತೆ ಮುಂದಿನದನ್ನ ಯೋಜಿಸೋಕೆ ಆಗದೇ ಇರೋದು. ಕೊನೇದು ಕೇಳೋಕೆ ಸಣ್ಣದು, ಆದರೆ ನೀವು ಶನಿವಾರ ಸೋಮವಾರ ಅಂತ ಬರೆದಿರೋದು ಅದನ್ನೇ. ಒಪ್ಪಿಕೊಂಡ ಮಾತನ್ನ ಉಳಿಸಿಕೊಳ್ಳೋಕೆ ಆಗಲ್ಲ ಅನ್ನೋ ಭಯದಿಂದ ಜನ ಒಪ್ಪಿಕೊಳ್ಳೋದನ್ನೇ ಬಿಟ್ಟುಬಿಡ್ತಾರೆ.

ಇನ್ನೊಂದು. ರೋಗ ತಣ್ಣಗಿದ್ದೂ ಸುಸ್ತು ಇದ್ದರೆ "ಲೂಪಸ್ ಅಲ್ವಾ, ಇರೋದೇ" ಅಂತ ಕೈ ಚೆಲ್ಲಬಾರದು. ರಕ್ತ ಕಡಿಮೆ ಇದೆಯಾ, ಥೈರಾಯ್ಡ್, ವಿಟಮಿನ್ ಡಿ (ಬಿಸಿಲು ತಪ್ಪಿಸೋರಿಗೆ ಅದು ಇಳಿಯೋದು ಸಹಜ), ನಿದ್ದೆ, ಖಿನ್ನತೆ, ಜೊತೆಗೆ ಸೇರಿಕೊಂಡ ಫೈಬ್ರೋಮಯಾಲ್ಜಿಯಾ (ಮೈತುಂಬ ನೋವು, ಸುಸ್ತು ತರೋ ಇನ್ನೊಂದು ತೊಂದರೆ). ಇವನ್ನೆಲ್ಲ ಬೇರೆ ಬೇರೆ ಹುಡುಕಬೇಕು.

ಮತ್ತೆ ನಿಧಾನಕ್ಕೆ ನಡಿಗೆ ಶುರು ಮಾಡಿ.

ಬೆರಳು_ಬಿಗಿ:
ನಡಿಗೆ. ಇದೊಂದು ಮಾತು ಬಾರದೇ ಇರಲಿ ಅಂತಿದ್ದೆ.

ಫಿಸಿಯೋ_ಮೇಜು:
ಹಹ್ಹ, ಬೈಯಿರಿ ಪರವಾಗಿಲ್ಲ, ದಿನಾ ಬೈಸಿಕೊಳ್ತೀನಿ. ಅರ್ಧ ಗಂಟೆ ಬಿರುಸಾಗಿ ನಡೀರಿ ಅಂತ ನಾನು ಹೇಳ್ತಿಲ್ಲ. ತೀರಾ ಕೆಟ್ಟ ದಿನದಲ್ಲಿ ಎಷ್ಟು ಆಗತ್ತೋ ಅಷ್ಟರಿಂದ ಶುರು. ಐದು ನಿಮಿಷ ಅಂದರೆ ಐದೇ. ಒಳ್ಳೇ ದಿನ ಬಂತು ಅಂತ ಇಪ್ಪತ್ತು ಮಾಡೋದೇ ಎಲ್ಲರೂ ಮಾಡೋ ತಪ್ಪು, ಬಿಲ್ಲು ಸೋಮವಾರ ಬರತ್ತೆ. ವಾರಗಟ್ಟಲೆ ಮಲಗಿದರೂ ಈ ಸುಸ್ತು ಇಳಿಯಲ್ಲ, ಮಾಂಸಖಂಡ ಮಾತ್ರ ಇಳಿಯತ್ತೆ. ಹಿತಮಿತ ವ್ಯಾಯಾಮದಿಂದ ಲೂಪಸ್ ಸುಸ್ತು ಕಡಿಮೆ ಆಗತ್ತೆ ಅಂತ ಅಧ್ಯಯನಗಳು ತೋರಿಸಿವೆ. ರೋಗ ಜೋರಾಗಿ ಕೆರಳಿದಾಗ ಮಾತ್ರ ಡಾಕ್ಟರನ್ನ ಕೇಳದೆ ಬೇಡ.

ಸುಮ್ಮನಿರದವ:
ಅಕ್ಕಾರ, ನಮ್ಮ ಅವ್ವಗೂ ಇದ ಐತ್ರಿ, ಹದಿನಾಲ್ಕು ವರ್ಷ ಆತು. ಥಂಡಿ ಹತ್ತಿದ್ರ ಆಕಿ ಬೆರಳು ಮೊದಲ ಬೆಳ್ಳಗ ಆಗ್ತಾವು, ಆಮ್ಯಾಲೆ ನೀಲಿ, ಆಮ್ಯಾಲೆ ಕೆಂಪಗ. ರೇನೋ ಅಂತಾರ್ರಿ ಅದಕ್ಕ. ಫ್ರಿಜ್ಜಿನ್ಯಾಗ ಕೈ ಹಾಕಿದ್ರ ಸಾಕು. ಮೊದಮೊದಲು ನಾವು ನಗ್ತಿದ್ವಿ, ಅವ್ವನ ಕೈಯಾಗ ಬಣ್ಣದ ಆಟ ನಡದೈತಿ ಅಂತ. ಒಮ್ಮೆ ಬೆರಳ ತುದಿಗೆ ಹುಣ್ಣಾಗಿ ಎರಡು ತಿಂಗಳ ಮಾಯಲಿಲ್ಲ. ಅವತ್ತಿಂದ ನಗೂದು ಬಿಟ್ವಿ. ಈಗ ಫ್ರಿಜ್ ಬಾಗಲಿಗೆ ಒಂದ ಜೋಡಿ ಉಣ್ಣಿ ಕೈಗವಸು ತೂಗಹಾಕೇವ್ರಿ.

ಅವಳ_ಗಂಡ:
ನಾನು ರೋಗಿಯಲ್ಲ, ನನ್ನ ಹೆಂಡತಿಗೆ ಲೂಪಸ್. ಬರೆಯಬಹುದಾ ಗೊತ್ತಿಲ್ಲ, ಆದರೂ ಬರೀತೀನಿ.

ಶುರುವಿನಲ್ಲಿ ಆಕೆಗೆ 40 ಮಿ.ಗ್ರಾಂ ಸ್ಟೀರಾಯ್ಡ್ ಕೊಟ್ಟಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಬೀರು ಖಾಲಿ ಮಾಡಿ ಬಟ್ಟೆ ಮಡಚ್ತಾ ಇರ್ತಿದ್ದಳು. ಬೆಳಗ್ಗೆ ಒಂದು ಮಾತಿಗೆ ಅಳು, ಇನ್ನೊಂದು ಮಾತಿಗೆ ಸಿಟ್ಟು. ಮುಖ ದುಂಡಗಾಯ್ತು. ನೆಂಟರೊಬ್ಬರು "ಮದುವೆ ಆದ ಮೇಲೆ ಮೈ ಹಿಡೀತು" ಅಂದರು. ಆಮೇಲೆ ಎರಡು ವರ್ಷ ಆಕೆ ಒಂದು ಫೋಟೋಗೂ ನಿಲ್ಲಲಿಲ್ಲ. ಮಗಳ ಮೊದಲ ಹುಟ್ಟುಹಬ್ಬದ ಫೋಟೋಗಳಲ್ಲಿ ಅಮ್ಮನ ಕೈ ಮಾತ್ರ ಇದೆ.

ನಾನು ದಿನಾ "ಏನಾದರೂ ಸಹಾಯ ಬೇಕಾ" ಅಂತ ಕೇಳ್ತಿದ್ದೆ. ಒಳ್ಳೇ ಗಂಡ ಅಂತ ನನ್ನ ಬೆನ್ನು ನಾನೇ ತಟ್ಟಿಕೊಳ್ತಿದ್ದೆ. ಒಂದಿನ ಆಕೆ ಹೇಳಿದಳು: "ನೀವು ಕೇಳಿದಾಗಲೆಲ್ಲ ನನಗೆ ಏನು ಆಗಲ್ಲ ಅನ್ನೋದನ್ನ ಲೆಕ್ಕ ಹಾಕಿ, ಬಾಯಿಬಿಟ್ಟು ಹೇಳಬೇಕು. ಅದೂ ಒಂದು ಕೆಲಸವೇ." ಅವತ್ತಿಂದ ಕೇಳೋದು ನಿಲ್ಲಿಸಿದೆ. ಕೆಲಸಕ್ಕೆ ಹೋಗೋ ಮುಂಚೆ ಮನೆಯಲ್ಲಿರೋ ಡಬ್ಬ, ಬಾಟಲಿ ಮುಚ್ಚಳ ಎಲ್ಲ ಅರ್ಧ ಸುತ್ತು ಸಡಿಲ ಮಾಡಿಟ್ಟು ಹೋಗ್ತೀನಿ. ಒದ್ದೆ ಬಟ್ಟೆ ಹಿಂಡೋದು ನನ್ನದು. ಬಾಗಿಲ ಬೀಗ ತಿರುಗಿಸೋ ಕೀಲಿಗೆ ಒಂದು ಅಡ್ಡ ಮರದ ತುಂಡು ಕಟ್ಟಿದೀನಿ, ಹಿಡಿತಕ್ಕೆ.

ಎರಡು ಸಲ ಡಬ್ಬ ಎತ್ತಿದಾಗ ಮುಚ್ಚಳ ಕೈಗೆ ಬಂದು ಎಲ್ಲಾ ನೆಲಕ್ಕೆ ಚೆಲ್ಲಿದೆ. ಅದಕ್ಕೂ ಬೈಸಿಕೊಂಡಿದೀನಿ.

ಬೆರಳು_ಬಿಗಿ:
ಅಣ್ಣಾ, ಆ ಅರ್ಧ ಸುತ್ತಿನ ಮಾತನ್ನ ನಮ್ಮನೆಯವರಿಗೆ ಓದಿ ಹೇಳಿದೆ. ಏನೂ ಮಾತಾಡದೆ ಎದ್ದು ಅಡುಗೆಮನೆಗೆ ಹೋದರು.

ಆರೋಗ್ಯ_ಬಂಧು:
ಎಲ್ಲರೂ ಮಾತ್ರೆ ಮಾತ್ರೆ ಅಂತೀರಿ. ಲೂಪಸ್ ಅಂದರೆ ರೋಗನಿರೋಧಕ ಶಕ್ತಿಯ ತೊಂದರೆ ತಾನೇ? ಇಮ್ಯೂನಿಟಿ ಹೆಚ್ಚಿಸೋ ಪುಡಿಯೊಂದಿದೆ, ನಮ್ಮ ಪರಿಚಯದವರು ಮೂರು ತಿಂಗಳಲ್ಲಿ ಸ್ಟೀರಾಯ್ಡ್ ಪೂರ್ತಿ ಬಿಟ್ಟರು.

ಕಿಡ್ನಿ_ಕಥೆ:
ಸ್ವಾಮಿ, ನಮಗಿರೋದು ಇಮ್ಯೂನಿಟಿ ಕಡಿಮೆ ಆಗಿರೋ ಕಾಯಿಲೆ ಅಲ್ಲ, ಅದು ದಾರಿ ತಪ್ಪಿ ಮನೆಯವರ ಮೇಲೇ ಕೈ ಮಾಡ್ತಿದೆ. ಅದನ್ನ ಅಡಗಿಸೋಕೆ ನಾವು ಮಾತ್ರೆ ನುಂಗೋದು, ನೀವು ಅದಕ್ಕೆ ಇನ್ನಷ್ಟು ದೊಣ್ಣೆ ಕೊಡೋಕೆ ಬಂದಿದೀರಿ. ಹೊಸಬರು ಓದ್ತಿದ್ದರೆ ಗಮನಿಸಿ: ತುಂಬಾ ದಿನ ತಗೊಂಡ ಸ್ಟೀರಾಯ್ಡನ್ನ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ದೇಹ ತಾನೇ ಸ್ಟೀರಾಯ್ಡ್ ಮಾಡಿಕೊಳ್ಳೋದನ್ನ ಆಗಲೇ ನಿಲ್ಲಿಸಿರತ್ತೆ. ಇಳಿಸೋದು ಡಾಕ್ಟರ್ ಹೇಳಿದ ಹಾಗೆ, ಮೆಟ್ಟಿಲು ಮೆಟ್ಟಿಲಾಗಿ.

ಹೊಸಬಳು_22:
ನಮಸ್ತೆ. ನನಗೆ ಗೊತ್ತಾಗಿ ಐದು ವಾರ. ಕೊನೇ ವರ್ಷದ ಪರೀಕ್ಷೆ ಇದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟಿದಾರೆ, ಏನೂ ವ್ಯತ್ಯಾಸ ಕಾಣ್ತಿಲ್ಲ, ಕಣ್ಣು ಹೋಗತ್ತೆ ಅಂತ ಯಾರೋ ಹೆದರಿಸಿದರು. ನಿಲ್ಲಿಸಲಾ? ಆಮೇಲೆ ಕೆಲಸಕ್ಕೆ ಸೇರುವಾಗ ಹೇಳಬೇಕಾ? ಮಕ್ಕಳಾಗಲ್ವಾ? ಒಟ್ಟಿಗೆ ಕೇಳ್ತಿದೀನಿ, ಬೈಬೇಡಿ.

ಛತ್ರಿ_ಟೀಚರ್:
ಬೈಯೋರು ಯಾರೂ ಇಲ್ಲ ಪುಟ್ಟಾ. ನಿಲ್ಲಿಸಬೇಡ. ಅದು ನಿಧಾನದ ಮಾತ್ರೆ, ಕೆಲಸ ಶುರು ಮಾಡೋಕೆ ಎರಡು ಮೂರು ತಿಂಗಳು ಬೇಕು, ಪೂರ್ತಿ ಗುಣ ಕಾಣೋಕೆ ಇನ್ನೂ ಹೆಚ್ಚು. ಕಣ್ಣಿಗೆ ತೊಂದರೆ ಆಗೋದು ನಿಜ, ಆದರೆ ಸಾಮಾನ್ಯವಾಗಿ ವರ್ಷಗಟ್ಟಲೆ ತಗೊಂಡ ಮೇಲೆ, ಡೋಸ್ ಜಾಸ್ತಿಯಾದರೆ ಅಪಾಯ ಹೆಚ್ಚು. ದಿನಕ್ಕೆ ನಿನ್ನ ತೂಕದ ಒಂದು ಕಿಲೋಗೆ 5 ಮಿ.ಗ್ರಾಂ ದಾಟದ ಹಾಗೆ ನೋಡ್ಕೋತಾರೆ. ಶುರುವಿನಲ್ಲಿ ಒಮ್ಮೆ ಕಣ್ಣು ತೋರಿಸು, ಐದು ವರ್ಷ ಆದ ಮೇಲೆ ಪ್ರತಿ ವರ್ಷ.

ಮಕ್ಕಳ ವಿಷಯ: ನನಗೆ ಇಬ್ಬರು. ರೋಗ ಕನಿಷ್ಠ ಆರು ತಿಂಗಳು ತಣ್ಣಗಿರಬೇಕು, ಮೊದಲೇ ಡಾಕ್ಟರಿಗೆ ಹೇಳಿ ತಯಾರಾಗಬೇಕು. ಮೈಕೋಫಿನೋಲೇಟ್‌ನಂಥ ಮಾತ್ರೆ ಮಗುವಿಗೆ ಹಾನಿ, ಅದನ್ನ ಕನಿಷ್ಠ ಆರು ವಾರ ಮುಂಚೆ ಬದಲಾಯಿಸ್ತಾರೆ. ನೀನು ತಗೊಳ್ತಿರೋದನ್ನ ಬಸುರಿನಲ್ಲೂ ಮುಂದುವರಿಸ್ತಾರೆ. ರೋ ಅನ್ನೋ ಆಂಟಿಬಾಡಿ ಇದೆಯಾ ಅಂತ ಕೇಳಿಟ್ಟುಕೋ, ಇದ್ದರೆ ಹೊಟ್ಟೆಯಲ್ಲಿರೋ ಮಗುವಿನ ಹೃದಯದ ಬಡಿತವನ್ನ ಹೆಚ್ಚು ಗಮನಿಸ್ತಾರೆ.

ಕೆಲಸದಲ್ಲಿ ಹೇಳೋದರ ಬಗ್ಗೆ ನನಗೇ ಸ್ಪಷ್ಟ ಇಲ್ಲ. ನಾನು ಹೇಳಿದೆ. "ನಿಮಗೆ ಶ್ರಮ ಆಗಬಾರದು" ಅಂತ ನನ್ನನ್ನ ಒಂದು ಮಾತೂ ಕೇಳದೆ ಹತ್ತನೇ ತರಗತಿಯಿಂದ ತೆಗೆದರು. ಕನಿಕರ ಅನ್ನೋದು ಎಷ್ಟು ಬೇಗ ಕುರ್ಚಿ ಕಿತ್ತುಕೊಳ್ಳತ್ತೆ ನೋಡು.

ಕಿಡ್ನಿ_ಕಥೆ:
ನಾನು ಹೇಳದೆ ಕೆಟ್ಟೆ. ಎರಡು ವಾರಕ್ಕೊಮ್ಮೆ ರಜೆ ಹಾಕ್ತಿದ್ದೆ, ಬೇರೆ ಕಡೆ ಇಂಟರ್‌ವ್ಯೂಗೆ ಹೋಗ್ತಿದಾನೆ ಅಂತ ಸುದ್ದಿ ಹಬ್ಬಿತು. ಈಗಿನ ಜಾಗದಲ್ಲಿ ಕಾಯಿಲೆ ಹೆಸರು ಹೇಳಿಲ್ಲ, ಏನು ಬೇಕು ಅನ್ನೋದನ್ನ ಮಾತ್ರ ಹೇಳಿದೀನಿ: ಮುಖ್ಯ ಮೀಟಿಂಗ್ ಬೆಳಗ್ಗೆ ಹತ್ತರ ನಂತರ, ಮೂರು ತಿಂಗಳಿಗೊಮ್ಮೆ ಒಂದು ದಿನ ರಜೆ. ನಡೀತಿದೆ.

ಬೆರಳು_ಬಿಗಿ (ಎರಡು ತಿಂಗಳ ನಂತರ):
ಯಾರಾದರೂ ಇದೀರಾ? ಆಮೇಲೆ ಏನಾಯ್ತು ಅಂತ ಹೇಳೋಣ ಅಂತ ಬಂದೆ.

ಫಿಸಿಯೋ ಅವರು ಹೇಳಿದ ಮೇಲೆ ನಾಲ್ಕು ವಾರ ಒಂದು ಹಾಳೆಯಲ್ಲಿ ಬರೆದಿಟ್ಟೆ. ಮೂರೇ ಕಾಲಂ, ಲೆಕ್ಕದವಳಲ್ವಾ. ಮುಷ್ಟಿ ಕಟ್ಟೋಕೆ ಆದ ಹೊತ್ತು, ಪದಗಳು ಕೈಕೊಟ್ಟ ಹೊತ್ತು, ಅವತ್ತು ಬಿಟ್ಟುಬಿಟ್ಟ ಒಂದು ಕೆಲಸ. "ತಲೆಸ್ನಾನ", "ತಂಗಿ ಫೋನಿಗೆ ವಾಪಸ್ ಮಾಡಲಿಲ್ಲ", "ಮೆಟ್ಟಿಲು ಹತ್ತಲಾರದೆ ಮೇಲೆ ಒಣಗಿದ ಬಟ್ಟೆ ಹಾಗೇ ಬಿಟ್ಟೆ", ಹೀಗೆ. ಈ ಸಲ ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿ ತಗೊಂಡೆ, ಬಕೆಟ್ಟಿನಲ್ಲಿ ಕೈ ಇಡದೇ ಹೋದೆ.

ಡಾಕ್ಟರ್ ನನ್ನ ಬೆರಳು ಮುಟ್ಟಿ ನೋಡಿದರು, ಹಾಳೆ ಪೂರ್ತಿ ಓದಿದರು. ಮೂರನೇ ಕಾಲಂ ಮಾತ್ರ ಎರಡು ಸಲ ಓದಿದರು. ಆಮೇಲೆ "ಸ್ಟೀರಾಯ್ಡ್ ಯಾವಾಗ ತಗೋತೀರಿ" ಅಂದರು. ರಾತ್ರಿ ಊಟ ಆದ ಮೇಲೆ ಅಂದೆ. ಆರು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬೆಳಗ್ಗೆ ಮರೆತುಹೋಗತ್ತೆ ಅಂತ ಯಾವತ್ತೋ ರಾತ್ರಿಗೆ ಹಾಕಿಕೊಂಡಿದ್ದೆ. ಅದು ಬೆಳಗ್ಗೆ ತಿಂಡಿ ಜೊತೆ ತಗೋಬೇಕಾದ ಮಾತ್ರೆ, ರಾತ್ರಿ ನಿದ್ದೆ ಕೆಡಿಸತ್ತಂತೆ. ಥೈರಾಯ್ಡ್ ನೋಡಿ ಮೂರು ವರ್ಷ ಆಗಿತ್ತು. ನೋಡಿದರೆ ಟಿಎಸ್‌ಎಚ್ ಏರಿದೆ, ಅಂದರೆ ಥೈರಾಯ್ಡ್ ಸಾಕಷ್ಟು ಕೆಲಸ ಮಾಡ್ತಿಲ್ಲ. ಅದಕ್ಕೊಂದು ಮಾತ್ರೆ ಶುರುವಾಗಿದೆ.

ಪವಾಡ ಏನೂ ಆಗಿಲ್ಲ. ಬೆಳಗಿನ 40 ನಿಮಿಷ ಹಾಗೇ ಇದೆ. ಆದರೆ ಮಧ್ಯಾಹ್ನ ಎರಡಕ್ಕೆ ಬೀಳ್ತಿದ್ದವಳು ಈಗ ನಾಲ್ಕರವರೆಗೆ ನಿಲ್ತೀನಿ. ದಿನಾ ಐದು ನಿಮಿಷ ನಡೀತಿದೀನಿ. ಫಿಸಿಯೋ ಅವರೇ, ಐದೇ.

ಫಿಸಿಯೋ_ಮೇಜು:
ಒಳ್ಳೇ ದಿನ ಬಂದಾಗ?

ಬೆರಳು_ಬಿಗಿ:
ಒಂದಿನ ಹದಿನೈದು ಮಾಡಿದೆ. ಮೂರನೇ ದಿನ ರಜೆ ಹಾಕಿದೆ. ಬೈಯಿರಿ.

ಅವಳ_ಗಂಡ:
ಬಾಟಲಿ ಮುಚ್ಚಳದ ಕಥೆ ಏನಾಯ್ತು?

ಬೆರಳು_ಬಿಗಿ:
ಅದು ಇನ್ನೂ ಆಗಲ್ಲ ಅಣ್ಣಾ. ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದೀನಿ, ಮುಚ್ಚಳಕ್ಕೆ ಸುತ್ತಿ ತಿರುಗಿಸಿದರೆ ಬರತ್ತೆ. ಅಡುಗೆಮನೆಯಲ್ಲಿ ಮಾತ್ರ ಅದು ಬೇಕಾಗ್ತಿಲ್ಲ. ನಿನ್ನೆ ಒಂದು ಡಬ್ಬ ಎತ್ತೋಕೆ ಹೋದೆ, ಪೂರ್ತಿ ಚೆಲ್ಲಿತು.